ಗಂಟಿಲ್ಲದ ದಾರ

ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದರು. ಬಾಯಿಯ ಒಂದು ಮೂಲೆಯಲ್ಲಿ ಸೂಜಿ, ಇನ್ನೊಂದು ಮೂಲೆಯಿಂದ ಮಾತು. ನಕ್ಕರೆ ಎಲ್ಲಿ ನುಂಗಿಬಿಡುತ್ತಾರೋ ಅಂತ ನನಗೆ ಜೀವವೇ ಬಾಯಿಗೆ ಬರುತ್ತಿತ್ತು. ಅವರೋ ನಗುವುದನ್ನು ಬಿಟ್ಟವರೇ ಅಲ್ಲ! ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನಿನ ಮಕ್ಕಳೆಲ್ಲ ಅವರನ್ನು ದಿಂಬಿನ ಟೀಚರು ಅನ್ನುತ್ತಿದ್ದೆವು. ಮಡಿಲಲ್ಲಿ ಹುಲ್ಲು ತುಂಬಿದ ಗುಂಡನೆಯ ದಿಂಬು, ಅದರ ಮೇಲೆ ತೂತು ಚುಚ್ಚಿದ ರಟ್ಟು, ತೂತಿಗೊಂದು ಸೂಜಿ. ದಾರ ಸುತ್ತಿದ ಮರದ ಕಡ್ಡಿಗಳನ್ನು ಟಕಟಕ ಆಡಿಸುತ್ತ ಅವರು ಲೇಸು ಹೆಣೆಯುತ್ತಿದ್ದರು.

ಏಳನೇ ಕ್ಲಾಸು ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಎಲ್ಲದರ ಮೇಲೂ ಪ್ರಶ್ನೆ. ಇದನ್ನು ಮೊದಲು ಕಂಡುಹಿಡಿದವರು ಯಾರು ಅಂತ ಪೀಡಿಸುತ್ತಿದ್ದೆ.

“ನಂಗೆ ನಮ್ಮಮ್ಮ ಕಲ್ಸಿದ್ದು. ಅವ್ಳಿಗೆ ನಾಗರಕೋಯಿಲ್ ಕಡೆ ಮಿಷನ್ ದೊರೆಸಾನಿ. ದೊರೆಸಾನಿಗೆ ಯಾರೋ, ಅವ್ಳನ್ನೇ ಕೇಳ್ಬೇಕು ಕಣ್ಣು,” ಅನ್ನುವರು. ತಮಿಳು ಬೆರೆತ ಅವರ ಕನ್ನಡದಲ್ಲಿ ಮಕ್ಕಳೆಲ್ಲ ‘ಕಣ್ಣು’ಗಳೇ. “ಮುಂಚೆ ಬಟ್ಟೇಲಿ ದಾರ ಕಿತ್ತು ತೂತು ಮಾಡಿ, ತೂತಿನ ಸುತ್ತ ಒಲೀತಿದ್ರಂತೆ. ಆಮೇಲೆ ಯಾರೋ ಪುಣ್ಯಾತ್ಗಿತ್ತಿ ಬಟ್ಟೇನೇ ಬಿಟ್ಬುಟ್ಲು. ತೂತು ಉಳ್ಕೊಂತು. ಅದೇ ಲೇಸು!”

ದೊರೆಗಳ ಸೀಮೆಯ ರಾಜರೂ ಕತ್ತಿನ ಸುತ್ತ ಲೇಸು ಕಟ್ಟಿಕೊಳ್ಳುತ್ತಿದ್ದರಂತೆ. ಮೀಸೆ ಹೊತ್ತ ರಾಜನಿಗೆ ಮನಸ್ಸಿನಲ್ಲೇ ಅದನ್ನು ತೊಡಿಸಿ ನೋಡಿ ನಾನು ಬಿದ್ದುಬಿದ್ದು ನಕ್ಕಿದ್ದೆ. ಸೂಜಿಯದು, ಕೊಕ್ಕೆಯದು, ದಿಂಬಿನದು ಅಂತ ಲೇಸಿನ ತುಂಡುಗಳನ್ನು ನನ್ನ ಕೈಗಿಟ್ಟು, ಕಣ್ಣು ಮುಚ್ಚಿಸಿ, ಬೆರಳಲ್ಲೇ ಗುರುತು ಹಿಡಿಯಲು ಹೇಳುವರು. ಕೊಕ್ಕೆಯದು ಉಬ್ಬುಬ್ಬು, ಸೂಜಿಯದು ಬಿಗಿ, ದಿಂಬಿನದು ನೇಯ್ದ ಬಟ್ಟೆಯ ಹಾಗೆ ನುಣುಪು.

ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ಗಣಿ ಬಿಟ್ಟು ಹೊರಟಿದ್ದ ಕಾಲ ಅದು. ಕೈಲೇಸು ಕೇಳುವವರಿಲ್ಲ, ಬಂಗಾರಪೇಟೆಯ ಅಂಗಡಿಗಳಲ್ಲಿ ಯಂತ್ರದ ಲೇಸು ಗಜಗಟ್ಟಲೆ ಬಿದ್ದಿತ್ತು. ಟೀಚರಮ್ಮನ ಹೆಣ್ಣುಮಕ್ಕಳಿಗಂತೂ ದಿಂಬು ಕಂಡರಾಗದು. “ಈ ಕೈ ನಿಂತ್ರೆ ಇದೂ ನಿಂತೋಗುತ್ತೆ. ಒಂದು ಕೈಗಾದ್ರೂ ಆಕ್ಬೇಕು,” ಅನ್ನುತ್ತಿದ್ದರು. ಕಲಿಯಲು ಹೋಗುತ್ತಿದ್ದವಳು ನಾನೊಬ್ಬಳೇ.

ನನ್ನನ್ನು ಕಳಿಸುತ್ತಿದ್ದವಳು ನಮ್ಮಜ್ಜಿ, ಅದೂ ಒಂದು ಎಡವಟ್ಟಿನಿಂದ. “ಲೇಸು ಕಲಿಯಾಕೆ ಓಗ್ಲಾ ಅಜ್ಜಿ?” ಅಂತ ಕೇಳಿದ್ದೆ. ಬೂದಿಕೋಟೆ ಕಡೆಯ ಆ ಮುದುಕಿಗೆ ಗೊತ್ತಿದ್ದದ್ದು ಕನ್ನಡದ ಲೇಸು, ಒಳ್ಳೆಯದು ಅನ್ನುವ ಲೇಸು. “ಲೇಸು ಕಲಿಯಾಕೆ ನನ್ನೇನ್ ಕೇಳೋದು, ಓಗ್ಬಾ!” ಅಂದಳು. ನಲ್ಲಿಯ ಹತ್ತಿರ ಜಂಬ ಬೇರೆ: “ನಮ್ಮುಡುಗಿ ಲೇಸು ಕಲೀತಾವ್ಳೆ. ನಿಮ್ಮವು ಬೀದಿ ಸುತ್ತುತಾವೆ.” ಕೊನೆಗೆ ಪಕ್ಕದ ಮನೆಯಾಕೆ ತಡೆಯಲಾರದೆ ಅಂದುಬಿಟ್ಟಳು: “ಅದು ಒಳ್ಳೇದು ಅನ್ನೋ ಲೇಸಲ್ಲಜ್ಜಿ, ದೊರೆಸಾನಿ ಲಂಗದ ಅಂಚು!”

ಅಜ್ಜಿಯ ಮಾನ ನಲ್ಲಿ ನೀರಿನ ಜೊತೆ ಹರಿದುಹೋಯಿತು. ಮರುದಿನವೇ ನನ್ನನ್ನು ಬೂದಿಕೋಟೆಗೆ ಎಳೆದುಕೊಂಡು ಹೋದಳು. ಮದುವೆಯಾಗುವ ತನಕ ಇಲ್ಲೇ ಬಿದ್ದಿರು ಅಂದಳು. ನಾನು ಮುದ್ದೆ ಮುಟ್ಟದೆ ಮೂಲೆ ಹಿಡಿದೆ.

ಒಂದು ಮಧ್ಯಾಹ್ನ ನೋಡಿದರೆ, ದಿಂಬಿನ ಟೀಚರು! ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು, ದಿಂಬನ್ನು ಕೂಸಿನ ಹಾಗೆ ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದರು. ಜಗಲಿಯ ಮೇಲೆ ಕೂತು ಸುಮ್ಮನೆ ಹೆಣೆಯತೊಡಗಿದರು. ಅಜ್ಜಿ ಮುಖ ತಿರುಗಿಸಿ ಕೂತಳು. ಆದರೆ ಆ ಟಕಟಕ ಸದ್ದು ಎಷ್ಟು ಹೊತ್ತು ಕೂರಲು ಬಿಟ್ಟೀತು?

“ಗಂಟು ಎಲ್ಲೈತೆ ಇದುಕ್ಕೆ?” ಅಂದಳು ಅಜ್ಜಿ.

“ಗಂಟೇ ಇಲ್ಲಮ್ಮಾ. ದಾಟ್ಸೋದು, ತಿರುವೋದು, ಅಷ್ಟೇ.”

“ಸೂಜಿ ಕಿತ್ರೆ ಬಿಚ್ಕಳಲ್ವಾ?”

ಟೀಚರಮ್ಮ ಹೆಣೆದು ಮುಗಿದ ಕಡೆಯ ಸೂಜಿಗಳನ್ನು ಕಿತ್ತು, ಅಂಚನ್ನು ಅಜ್ಜಿಯ ಅಂಗೈ ಮೇಲೆ ಬಿಟ್ಟರು. ಅಜ್ಜಿ ಎಳೆದಳು, ಉಗುರಿನಲ್ಲಿ ಕೆದಕಿದಳು, ಬಿಸಿಲಿಗೆ ಹಿಡಿದಳು. ಬಿಚ್ಚಲಿಲ್ಲ.

“ಅಯ್ ಶಿವನೇ, ಗಂಟಿಲ್ದೆ ಎಂಗ್ ನಿಂತೈತಮ್ಮಿ ಇದು?”

“ಒಂದುನ್ನೊಂದು ಇಡ್ಕಂಡೈತಮ್ಮಾ. ಈ ಉಡುಗಿ ಬಿಟ್ರೆ ನನ್ ಇಂದೆ ಇದನ್ನ ಇಡ್ಕಳೋರು ಯಾರೂ ಇಲ್ಲ,” ಅಂದರು ಟೀಚರಮ್ಮ.

ಅಜ್ಜಿ ಆ ಅಂಚನ್ನು ಮತ್ತೊಮ್ಮೆ ತಿರುವಿ ನೋಡಿ ನನ್ನತ್ತ ತಿರುಗಿದಳು. “ಇದು ಲೇಸೇ ಕಣಮ್ಮಿ. ಎದ್ದೇಳು, ಬಟ್ಟೆ ಗಂಟು ಕಟ್ಕ.”

ಅರವತ್ತರ ದಶಕದ ಕೊನೆಗೆ ಪೊರೆ ಬಂದು ಟೀಚರಮ್ಮನ ಕಣ್ಣು ಮಂಜಾದವು. ನಾನು ಮದುವೆಯಾಗಿ ಬಂಗಾರಪೇಟೆಯಲ್ಲಿದ್ದೆ. ಭಾನುವಾರ ರೈಲು ಹತ್ತಿ ಹೋಗಿ ಅವರ ಮಂಚದ ಪಕ್ಕ ಕೂತು ಹೆಣೆಯುತ್ತಿದ್ದೆ. ಅವರು ಕಡ್ಡಿಗಳ ಸದ್ದು ಕೇಳುತ್ತ ಮಲಗಿರುವರು. “ಒಂದು ತಿರುವು ಬಿಟ್ಟೆ ಕಣ್ಣು,” ಅನ್ನುವರು. ನೋಡಿದರೆ ಬಿಟ್ಟೇ ಇರುತ್ತಿದ್ದೆ! ಅದು ಹೇಗೆ ಕೇಳಿಸುತ್ತಿತ್ತೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಕೊನೆಯ ಸಲ ಹೋದಾಗ ಬಹಳ ಹೊತ್ತು ಹೆಣೆದೆ. ಅವರು ಒಂದು ಮಾತೂ ಆಡಲಿಲ್ಲ. ನನಗೆ ಹೆದರಿಕೆಯಾಯಿತು. “ಟೀಚರಮ್ಮಾ, ಕೇಳುಸ್ತಾ ಐತಾ?” ಅಂದೆ.

“ಕೇಳುಸ್ತಾ ಐತೆ, ನಿಲ್ಲುಸ್ಬೇಡ,” ಅಂದರು. “ಅದು ನನ್ ಕೈ ಸದ್ದೇ.”

ಆ ವಾರವೇ ತೀರಿಕೊಂಡರು. ನಾನು ನಿಲ್ಲಿಸಿಲ್ಲ.