ಮಡಿಕೆಯೊಳಗೆ ಹೋದ ಮುಖ

ಮಕ್ಕಳ ಚಿತ್ರಪುಸ್ತಕಗಳಲ್ಲಿ ಕತೆ ಬರೆದವರ ಹೆಸರು ದಪ್ಪಕ್ಷರದಲ್ಲೂ ಚಿತ್ರ ಬಿಡಿಸಿದವರ ಹೆಸರು ಇರುವೆ ಗಾತ್ರದಲ್ಲೂ ಅಚ್ಚಾಗುತ್ತಿದ್ದ ಕಾಲದಲ್ಲಿ, ಎರಡನ್ನೂ ಒಂದೇ ಅಳತೆಗೆ ತಂದು, ವರ್ಷಕ್ಕೊಂದು ಪುಸ್ತಕವನ್ನು ಹೊಸ ಕಲಾವಿದರಿಗೇ ಮೀಸಲಿಡಬೇಕೆಂದು ಮಾಲೀಕರೊಡನೆ ಹಟ ಹಿಡಿದು ಗೆದ್ದವರು, ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ಪ್ರಕಾಶನ ಸಂಸ್ಥೆಯಿಂದ ಈಗ ನಿವೃತ್ತರಾಗುತ್ತಿರುವ ಚಿತ್ರ ಸಂಪಾದಕಿ. ಎದುರಿಗೆ ಮೇಡಂ, ಬಿಡಿಸಿದ್ದನ್ನೆಲ್ಲ ಅಳಿಸಲು ಹೇಳುವುದರಿಂದ ಬೆನ್ನ ಹಿಂದೆ ರಬ್ಬರಕ್ಕ. ಅವರ ಕುರಿತು ಬರೆಯುವ ಭಾಗ್ಯ, ಹದಿನಾಲ್ಕು ವರ್ಷಗಳ ಹಿಂದೆ ಅವರ ಕೈಕೆಳಗೆ ಕಲಿತ ಶಿಷ್ಯೆಯೊಬ್ಬಳ ಪಾಲಿಗೆ ಬಂದಿದೆ. ಭಾಗ್ಯವೇನೋ ಹೌದು, ಏನು ಬರೆಯಬೇಕೆಂದು ತಿಳಿಯದೆ ಅವಳು ಮೂರು ಸಲ ಬರೆದು ಹರಿದದ್ದೂ ಅಷ್ಟೇ ನಿಜ.

ಮೊದಲ ದಿನದಿಂದಲೂ ಅವಳಿಗೆ ಗೊಂದಲವೇ. ಅಚ್ಚುಕೂಟದ ಮೇಲಿನ ಇಕ್ಕಟ್ಟು ಕೋಣೆಯಲ್ಲಿ ಮೇಡಂ ಅವಳ ಚಿತ್ರವನ್ನು ಬಹಳ ಹೊತ್ತು ನೋಡಿ, "ಈ ಬೆಕ್ಕು ತುಂಬಾ ಚೆನ್ನಾಗಿದೆ. ತೆಗೆದುಬಿಡು" ಎಂದರು.

"ಚೆನ್ನಾಗಿದ್ರೆ ಯಾಕೆ ಮೇಡಂ ತೆಗೀಬೇಕು?"

"ಎಲ್ರೂ ಅದನ್ನೇ ನೋಡ್ತಾರೆ. ಕತೆ ಹುಡುಗೀದಲ್ವಾ?"

ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಅವಳು ಬಸ್ ನಿಲ್ದಾಣದಲ್ಲಿ ಅತ್ತಳು. ಅವಳ ಮನೆಯಲ್ಲಿ ಚಿತ್ರ ಬಿಡಿಸಲು ಮೇಜಿಲ್ಲವೆಂದು ಗೊತ್ತಾದ ದಿನದಿಂದ ಮೇಡಂ ತಮ್ಮ ಮೇಜಿನ ಅರ್ಧವನ್ನು, ಅದೂ ಕಿಟಕಿಯ ಕಡೆಯ ಅರ್ಧವನ್ನು, ಅವಳಿಗೆ ಬಿಟ್ಟುಕೊಟ್ಟರು. ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮರುವರ್ಷ ಅವಳ ಮೊದಲ ಪುಸ್ತಕ ಬಂತು. ಕೊನೆಯ ಎರಡು ಪುಟಗಳ ತುಂಬ, ಕಳೆದುಹೋದ ಹುಡುಗಿ ತಾಯಿಯನ್ನು ಕಂಡು ನಗುವ ಮುಖವನ್ನು ಅವಳು ನಟ್ಟನಡುವೆ ಬಿಡಿಸಿದ್ದಳು. ಹೊಸಬರಷ್ಟೇ ಮಾಡುವ ತಪ್ಪು ಅದು. ಎರಡು ಸಾವಿರ ಪ್ರತಿ ಹೊಲಿದು ಬಂದಾಗ ಆ ನಗು ಎರಡು ಪುಟ ಕೂಡುವ ಮಡಿಕೆಯೊಳಗೆ ಸೇರಿಹೋಗಿತ್ತು. ಒಂದು ಕಣ್ಣು ಆಚೆ, ಒಂದು ಕಣ್ಣು ಈಚೆ. ಮಾಲೀಕರು ಕೆಂಡವಾದರು. "ಹೊಸಬರ ಸಹವಾಸ ಸಾಕು. ಮುಂದಿನ ವರ್ಷದಿಂದ ಇದೆಲ್ಲ ಬಂದ್!"

"ಪುಟ ನೋಡಿ ಅಚ್ಚಿಗೆ ಸಹಿ ಹಾಕಿದವಳು ನಾನು. ಬೈಯೋದಾದ್ರೆ ನನ್ನನ್ನ ಬೈಯಿರಿ" ಎಂದರು ಮೇಡಂ. ಬಾಗಿಲಲ್ಲಿ ನಿಂತಿದ್ದ ಶಿಷ್ಯೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಯೋಜನೆ ಉಳಿಯಿತು, ಅವಳೂ ಉಳಿದಳು.

ಆದರೆ ಅಚ್ಚಿಗೆ ಮುನ್ನ ಹಾಳೆ ಮಡಿಸಿ ನೋಡುವ ಪದ್ಧತಿಯನ್ನು ಮೇಡಂ ಎಂದೂ ತಪ್ಪಿಸಿದವರಲ್ಲ. ಬೆಕ್ಕಿನ ಒಂದು ಮೀಸೆ ಕಡಿಮೆಯಾದರೂ ಹಿಡಿಯುವ ಕಣ್ಣಿಗೆ ಇದು ಬೀಳಲಿಲ್ಲವೇ? ಪಾಠವಾಗಲೆಂದು ಬೇಕೆಂದೇ ಶಿಷ್ಯೆಯನ್ನು ಎಡವಲು ಬಿಟ್ಟರೇ? ಹಾಗಿದ್ದರೆ ಅದೆಂಥ ಪ್ರೀತಿ? ಒಂದು ವರ್ಷ ಹೀಗೆ, ಒಂದು ವರ್ಷ ಹಾಗೆ ಎಂದು ಅವಳು ನಂಬುತ್ತ ಬಂದಳು. ಬರುವ ತಿಂಗಳಿನಿಂದ ಅದೇ ಕುರ್ಚಿಯಲ್ಲಿ ಕೂರಬೇಕಾದವಳು ಅವಳೇ. ಹೊಸಬರು ಎಡವುವಾಗ ಕೈ ಹಿಡಿಯಬೇಕೋ ಸುಮ್ಮನಿರಬೇಕೋ ಎಂಬುದು ಅವಳಿಗೆ ತಿಳಿಯಲೇಬೇಕಿತ್ತು. ಹೋದ ವಾರ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

ಕಡತ ಕಟ್ಟುತ್ತಿದ್ದ ಮೇಡಂ ದಾರ ಬಿಟ್ಟು ಕುಳಿತರು. "ಮೂರು ಸಲ ಮಡಿಸೋಕೆ ಅಂತ ಕೈಗೆ ತಗೊಂಡೆ. ಮೂರು ಸಲಾನೂ ಆ ಮಗು ನಗು ನೋಡ್ತಾ ಕೂತುಬಿಟ್ಟೆ ಕಣಮ್ಮ. ಮಡಿಸೋದೇ ಮರೆತುಹೋಯ್ತು. ಅಷ್ಟು ವರ್ಷದ ಅನುಭವ ಇಟ್ಕೊಂಡು, ನಾಚಿಕೆ ಆಯ್ತು."

"ಇಷ್ಟು ವರ್ಷ ಹೇಳ್ಬಾರ್ದಿತ್ತಾ ಮೇಡಂ?"

"ಹೇಳಿದ್ರೆ ನೀನು ಉಬ್ಬಿಹೋಗ್ತಿದ್ದೆ."

ಶಿಷ್ಯೆಗೆ ಅಳಬೇಕೋ ನಗಬೇಕೋ ತೋಚಲಿಲ್ಲ. ಎರಡನ್ನೂ ಮಾಡಿದಳು. ಎಡವುವ ಹೊಸಬರ ಕೈ ಹಿಡಿಯಬೇಕೋ ಬೇಡವೋ ಎಂಬುದಕ್ಕೆ ಉತ್ತರ ಮಾತ್ರ ಸಿಗಲಿಲ್ಲ.

ಮೇಡಂ ನೂರು ವರ್ಷ ಸುಖವಾಗಿ ಬಾಳಲಿ, ಅವರ ಕಣ್ಣೂ ನಾಲಿಗೆಯೂ ಇಷ್ಟೇ ಹರಿತವಾಗಿರಲಿ. ಬಿಡುವಾದಾಗ ಒಮ್ಮೆ ಈ ಕೋಣೆಗೆ ಬಂದುಹೋಗಲಿ ಎಂಬುದು ಶಿಷ್ಯೆಯ ಬಿನ್ನಹ. ಈ ವರ್ಷದ ಹೊಸ ಕಲಾವಿದನ ಚಿತ್ರಗಳು ಬಂದಿವೆ. ಅವುಗಳಲ್ಲೊಂದನ್ನು ಅವಳು ಇನ್ನೂ ಮಡಿಸದೆ ಬೆಳಗಿನಿಂದ ನೋಡುತ್ತಲೇ ಇದ್ದಾಳೆ. ಅದರಲ್ಲಿ ತಪ್ಪೇನಿದೆಯೆಂದು ಅವಳಿಗೆ ಇನ್ನೂ ಕಂಡಿಲ್ಲ.