ಲಿಟಲ್ ಎಲ್ಮ್‌ನ ಗವರ್ನರ್ ಸಾಹೇಬರು

ಭಾವ ಆ ಚಿತ್ರವನ್ನು ಕೊಂಡ ದಿನ, ಕಾರಿನ ಹಿಂದಿನ ಸೀಟಿನಲ್ಲಿ ಅದು ಬೀಳದಂತೆ ಹಿಡಿದುಕೊಂಡು ಮನೆಯವರೆಗೂ ಕುಳಿತು ಬಂದವಳು ನಾನು. ಡಲ್ಲಾಸಿನ ಹಳೆಯ ಬಡಾವಣೆಯೊಂದರಲ್ಲಿ ಎಸ್ಟೇಟ್ ಸೇಲ್ ಇತ್ತು. ಇಲ್ಲಿ ಮನೆಯ ಹಿರಿಯರು ತೀರಿಕೊಂಡ ಮೇಲೆ ಬಾಗಿಲು ತೆರೆದಿಟ್ಟು, ಸೋಫಾದಿಂದ ಚಮಚದವರೆಗೆ ಎಲ್ಲದಕ್ಕೂ ಬೆಲೆಯ ಚೀಟಿ ಅಂಟಿಸಿ ಮಾರಿಬಿಡುತ್ತಾರೆ. ಸತ್ತವರ ಬಚ್ಚಲುಮನೆಯೊಳಗೆ ಅಪರಿಚಿತರು ಇಣುಕುತ್ತಿದ್ದರು. ಅಕ್ಕ ಕಂಚಿನ ದೀಪವೊಂದನ್ನು ಹುಡುಕಿಕೊಂಡು ಹೋಗಿದ್ದಳು. ಭಾವನ ಕಣ್ಣು ಬಿದ್ದದ್ದು ಊಟದ ಕೋಣೆಯ ಗೋಡೆಯ ಮೇಲೆ.

ಕೆಂಪು ಕೋಟು, ಬಿಳಿ ವಿಗ್ಗು, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಸೊಂಟದೆತ್ತರದ ಚೌಕಟ್ಟು. ಕೆಳಗಿನ ಹಿತ್ತಾಳೆಯ ಪಟ್ಟಿಯಲ್ಲಿ ‘ಗವರ್ನರ್’ ಎಂದೂ ಒಂದು ಮನೆತನದ ಹೆಸರೂ ಇತ್ತು. ಸೇಲ್ ನಡೆಸುತ್ತಿದ್ದ ಹೆಂಗಸು, “ಅಮೆರಿಕ ಬ್ರಿಟಿಷರ ಕೈಯಲ್ಲಿದ್ದ ಕಾಲದ ಗವರ್ನರ್. ಈ ಮನೆಯವರ ಪೂರ್ವಜ” ಎಂದಳು. ಭಾವ ಎರಡು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತು ನೋಡಿದರು.

“ಏನ್ ಮೇಡಮ್, ಹೆಂಗೈತಿ? ಗತ್ತು ಅಂದ್ರ ಇದು ನೋಡ್ರಿ.”

ಅವರು ನನ್ನನ್ನು ಕರೆಯುತ್ತಿದ್ದದ್ದೇ ಮೇಡಮ್ ಎಂದು. ದಾವಣಗೆರೆಯ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿದ್ದವಳು ಮೂವತ್ತೈದನೆಯ ವಯಸ್ಸಿಗೆ ಕೆಲಸ ಬಿಟ್ಟು, ಇಲ್ಲಿ ಹಳೆಯ ದಾಖಲೆಗಳ ನಿರ್ವಹಣೆ ಕಲಿಯಲು ಬಂದದ್ದು ಅವರಿಗೆ ದೊಡ್ಡ ತಮಾಷೆ. ಬಾಡಿಗೆ ಉಳಿಯಲೆಂದು ನಾನು ಡಲ್ಲಾಸಿನ ಹೊರವಲಯದ ಲಿಟಲ್ ಎಲ್ಮ್‌ನಲ್ಲಿ ಅವರ ಮನೆಯ ಮಹಡಿಯ ಕೋಣೆಯಲ್ಲಿದ್ದೆ. ಅವರ ಅನ್ನ ಉಣ್ಣುತ್ತಿದ್ದೆ. ಹಾಗಾಗಿ, “ಚೆನ್ನಾಗಿದೆ ಭಾವ” ಎಂದೆ. ನನಗೆ ಅನ್ನಿಸಿದ್ದೇ ಬೇರೆ: ನಮ್ಮ ಮುತ್ತಜ್ಜಂದಿರನ್ನು ಬಾಗಿಲ ಹೊರಗೆ ನಿಲ್ಲಿಸಿ ಮಾತಾಡಿದ ಬಿಳಿ ದೊರೆಗಳ ಪೈಕಿಯವನನ್ನು, ಹುಬ್ಬಳ್ಳಿಯ ಗುಮಾಸ್ತರ ಮಗ ದುಡ್ಡು ಕೊಟ್ಟು ಮನೆಗೆ ಹೊತ್ತು ತರುತ್ತಿದ್ದಾನಲ್ಲ ಎಂದು.

ಚಿತ್ರ ಹಾಲಿನ ನಡುಗೋಡೆಗೆ ಏರಿತು. ಅದಕ್ಕೆ ಜಾಗ ಮಾಡಲು ನಮ್ಮಪ್ಪ ಅಮ್ಮನ ಫೋಟೋ ವಾಷಿಂಗ್ ಮೆಷಿನ್ ಇರುವ ಕಿರುಕೋಣೆಗೆ ಹೋಯಿತು. ಅಕ್ಕ ಸ್ಟೂಲಿನ ಮೇಲೆ ನಿಂತು ತಾನೇ ಮೊಳೆ ಹೊಡೆದಳು. ನಾನು ಕೆಳಗೆ ನಿಂತು ಮೊಳೆ ಎತ್ತಿಕೊಟ್ಟೆ.

ಮೊದಲ ವಾರ ಬಂದವರಿಗೆಲ್ಲ ಭಾವ, “ಸೇಲ್‌ನಾಗ ಸಿಕ್ತು” ಎಂದೇ ಹೇಳಿದರು. ಎರಡನೆಯ ವಾರ, “ಆ ಮನಿತನದವರು ಕೊಟ್ರು” ಎಂದಾಯಿತು. ತಿಂಗಳು ತುಂಬುವಷ್ಟರಲ್ಲಿ, “ಯಾರ್ಯಾರದೋ ಕೈಗೆ ಹೋಗಬಾರ್ದು, ನಿಮ್ಮಂಥವರ ಮನ್ಯಾಗ ಇರ್ಲಿ ಅಂತ ನಮಗ ಒಪ್ಪಿಸಿದ್ರು” ಎನ್ನತೊಡಗಿದರು. ಕೇಳುವವರೂ ಅಂಥವರೇ. ಪಕ್ಕದೂರು ಅಲೆನ್‌ನಿಂದ ಬಂದ ದಂಪತಿ ಚಿತ್ರದ ಕೆಳಗೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಒಬ್ಬಾತ ತಮ್ಮ ಮನೆಗೂ ಇಂಥದ್ದೊಂದು ಸಿಗುತ್ತದೆಯೇ ಎಂದು ಗಂಭೀರವಾಗಿ ಕೇಳಿದ. ಯಾವ ಸೈಜಾದರೂ ಸರಿಯಂತೆ.

ಎಡವಟ್ಟು ಮಾಡಿದವರು ಮರ್ಫಿ ಎಂಬ ಊರಿನಲ್ಲಿದ್ದ ಡಾಕ್ಟರ್ ಅಂಕಲ್. ನಿವೃತ್ತರು. ಒಂದು ಭಾನುವಾರ ಮಧ್ಯಾಹ್ನ ಬಿಸಿಬೇಳೆಬಾತ್ ತಿನ್ನುತ್ತಾ ತಲೆಯೆತ್ತಿ, “ಯಾವ ವಸಾಹತಿನ ಗವರ್ನರಪ್ಪಾ ಇವನು? ಯಾರ ಕಾಲದವನು?” ಎಂದರು.

ಭಾವ ಚಮಚವನ್ನು ತಟ್ಟೆಯಲ್ಲಿಟ್ಟರು. “ಅದನ್ನ ನಮ್ಮ ಮೇಡಮ್ ರಿಸರ್ಚ್ ಮಾಡಾಕತ್ತಾರ್ರಿ” ಎಂದು ನನ್ನ ಕಡೆ ಕೈ ತೋರಿಸಿದರು. ನಾನು ಹಪ್ಪಳ ಹಿಡಿದುಕೊಂಡು ನಿಂತಿದ್ದೆ. ಮೇಡಮ್‌ಗೂ ಈ ರಿಸರ್ಚಿನ ವಿಷಯ ಆಗಷ್ಟೇ ಗೊತ್ತಾದದ್ದು.

ಹೀಗೆ ಒಬ್ಬ ಗವರ್ನರನ ವಂಶ, ಆಸ್ತಿ ಎರಡನ್ನೂ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಕೆಲಸ ಕಷ್ಟದ್ದಾಗಿರಲಿಲ್ಲ. ಹಿತ್ತಾಳೆ ಪಟ್ಟಿಯ ಹೆಸರಿನ ಗವರ್ನರ್ ಒಬ್ಬನೇ ಇದ್ದ. ಅಟ್ಲಾಂಟಿಕ್ ಕರಾವಳಿಯ ವಸಾಹತೊಂದನ್ನು ಕೆಲವು ವರ್ಷ ಆಳಿ, ಊರವರಿಂದ ಬೈಸಿಕೊಂಡು ಸತ್ತವನು. ಅವನ ಉಯಿಲೂ ಸತ್ತ ಮೇಲೆ ಮಾಡಿದ ಆಸ್ತಿಯ ಪಟ್ಟಿಯೂ ಅಚ್ಚಾಗಿದ್ದವು. ಹಾಸಿಗೆಗಳು, ಪರದೆಗಳು, ಆರು ವಿಗ್ಗುಗಳು, ತಾಮ್ರದ ಹಂಡೆಗಳು, ಹಂಡೆಗಳಾದ ಮೇಲೆ ಒಬ್ಬ ಗುಲಾಮ ಹೆಂಗಸು ಮತ್ತು ಅವಳ ಕೂಸು, ಆಮೇಲೆ ಹಸುಗಳು. ಹಸುಗಳ ಬಣ್ಣವನ್ನೂ ಬರೆದಿದ್ದರು. ಕೂಸು ಗಂಡೋ ಹೆಣ್ಣೋ ಬರೆದಿರಲಿಲ್ಲ. ಇದನ್ನು ಓದಿದ ದಿನ ನಾನು ಹಾಲಿನಲ್ಲಿ ಕೂರಲಿಲ್ಲ. ತಟ್ಟೆ ಎತ್ತಿಕೊಂಡು ಮಹಡಿಗೆ ಹೋದೆ.

ಭಾವನಿಗೆ ಪಟ್ಟಿ ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿ, “ಜಮೀನು ಎಷ್ಟು ಎಕರೆ ಇತ್ತಂತ?” ಎಂದರು. ಹೇಳಿದೆ. ಮುಂದಿನ ಭಾನುವಾರ ಬಂದವರಿಗೆ ಎಕರೆಯ ಲೆಕ್ಕವೂ ಸಿಕ್ಕಿತು, ಎರಡರಷ್ಟಾಗಿ.

ಆದರೆ ಉಯಿಲಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ಸಾಲು. ಗವರ್ನರನಿಗೆ ಇದ್ದವಳು ಒಬ್ಬಳೇ ಮಗಳು. ಅವಳು ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಎಲ್ಲವನ್ನೂ ಹೆಂಡತಿಗೆ ಬರೆದಿದ್ದ. ಅವನು ಸತ್ತ ಮೇಲೆ ಅವಳು ಎಲ್ಲ ಮಾರಿ ಇಂಗ್ಲೆಂಡಿಗೆ ಹೊರಟುಹೋದಳೆಂದು ಬೇರೆ ದಾಖಲೆಗಳಲ್ಲಿತ್ತು. ಮಕ್ಕಳಿಲ್ಲದವನಿಗೆ ಡಲ್ಲಾಸಿನಲ್ಲಿ ವಂಶ ಎಲ್ಲಿಂದ ಬಂತು?

ಸೇಲ್ ನಡೆಸಿದ ಹೆಂಗಸಿಗೆ ಭಾವ ಫೋನ್ ಮಾಡಿದರು. ಆ ಮನೆಯ ತೀರಿಕೊಂಡ ಯಜಮಾನ ಎಷ್ಟೋ ವರ್ಷಗಳ ಹಿಂದೆಯೇ ತನ್ನ ಮನೆತನದ ಕಾಗದಪತ್ರಗಳನ್ನು ಆಸ್ಟಿನ್‌ನ ಒಂದು ದಾಖಲಾಗಾರಕ್ಕೆ ಕೊಟ್ಟಿದ್ದನಂತೆ. ಅವನ ತಂಗಿ ಹ್ಯೂಸ್ಟನ್‌ನಲ್ಲಿದ್ದಾಳೆ ಎಂದು ನಂಬರನ್ನೂ ಕೊಟ್ಟಳು.

ಆಸ್ಟಿನ್‌ಗೆ ಭಾವನೇ ಡ್ರೈವ್ ಮಾಡಿದರು. ದಾರಿಯುದ್ದಕ್ಕೂ ಚಿತ್ರ ಅಸಲಿ ಎಂದು ಅಲ್ಲಿಯವರು ಕೊಡುವ ಸರ್ಟಿಫಿಕೇಟ್ ಹೇಗಿರಬೇಕು, ಅದಕ್ಕೆ ಯಾವ ಚೌಕಟ್ಟು ಹಾಕಿಸಬೇಕು ಎಂಬುದೇ ಮಾತು. ಕಾಗದಕ್ಕೆ ಮಸಿ ತಾಗೀತು, ಓದುವ ಕೋಣೆಗೆ ಪೆನ್ನು ತರಬೇಡಿ ಎಂದದ್ದಕ್ಕೆ ಅವಮಾನವಾಗಿ ಹೊರಗೆ ಕಾಫಿಗೆ ಹೋದರು. ನಾನು ಪೆಟ್ಟಿಗೆ ತೆರೆದೆ.

ಆ ಯಜಮಾನನ ಅಜ್ಜ ಮರದ ವ್ಯಾಪಾರಿ. ಹಲಗೆ ಮಾರಿ ಸಾಹುಕಾರನಾದವನು. ದುಡ್ಡು ಬಂದ ಮೇಲೆ ವಂಶವೂ ಬೇಕೆನಿಸಿ, ವಂಶವೃಕ್ಷ ಬರೆದುಕೊಡುವ ಒಬ್ಬನನ್ನು ಹಿಡಿದಿದ್ದ. ಆತ ಬರೆದ ಪತ್ರ ಅಲ್ಲಿತ್ತು: ನಿಮ್ಮ ಮನೆತನದ ಹೆಸರೇ ಇರುವ ಗವರ್ನರ್ ಒಬ್ಬನಿದ್ದಾನೆ, ಆದರೆ ಅವನಿಗೆ ಸಂತಾನವಿಲ್ಲ, ತಮ್ಮನ ಮಗನೊಬ್ಬನನ್ನು ಸೇರಿಸಿಕೊಂಡರೆ ಕೊಂಡಿ ಕೂಡುತ್ತದೆ. ಗವರ್ನರನಿಗೆ ತಮ್ಮನೇ ಇರಲಿಲ್ಲ. ಅದೇ ಪೆಟ್ಟಿಗೆಯಲ್ಲಿ ಹ್ಯೂಸ್ಟನ್‌ನ ಚಿತ್ರಕಾರನೊಬ್ಬನಿಗೆ ಮರದ ವ್ಯಾಪಾರಿ ಬರೆದ ಪತ್ರದ ನಕಲೂ ಇತ್ತು. ಗವರ್ನರನ ಚಿತ್ರ ಎಲ್ಲೂ ಸಿಕ್ಕಿಲ್ಲ, ಆದ್ದರಿಂದ ನನ್ನದೇ ಒಂದು ಫೋಟೋ ಇಟ್ಟಿದ್ದೇನೆ, ಮೂಗು ಗದ್ದ ಎರಡೂ ಇದರಂತೆಯೇ ಬರಲಿ. ನೋಡಿದವರಿಗೆ ಹೋಲಿಕೆ ಕಾಣಬೇಕು, ಆದರೆ ಸಂಶಯ ಬರುವಷ್ಟಲ್ಲ ಎಂದಿದ್ದ.

ಆ ನಿಶ್ಶಬ್ದ ಕೋಣೆಯಲ್ಲಿ ನನಗೆ ಗಟ್ಟಿಯಾಗಿ ನಗು ಬಂತು. ಮೇಜಿನ ಹಿಂದಿದ್ದವನು ತಲೆಯೆತ್ತಿ ನೋಡಿದ. ಎರಡೂ ಪತ್ರಗಳ ಫೋಟೋವನ್ನು ಫೋನಿನಲ್ಲಿ ತೆಗೆದುಕೊಂಡು ಹೊರಗೆ ಬಂದೆ.

“ಭಾವ, ನಮ್ಮ ಗೋಡೆ ಮೇಲಿರೋನು ಗವರ್ನರ್ ಅಲ್ಲ. ವಿಗ್ ಹಾಕ್ಕೊಂಡ ಹಲಗೆ ವ್ಯಾಪಾರಿ.”

ಅವರು ಫೋನಿನಲ್ಲಿ ಪತ್ರವನ್ನು ಎರಡು ಸಲ ಓದಿದರು. “ಇದು ಒಂದ್ ಪತ್ರ ಅಷ್ಟ. ಹ್ಯೂಸ್ಟನ್ನಿನ ಮುದುಕಿ ಏನಂತಾಳ ಕೇಳೂಣು. ಮನಿಯವರು ಹೇಳಿದ್ದ ಖರೇ” ಎಂದರು. ಮುಂದಿನ ಶನಿವಾರವೇ ಹೊರಟೆವು.

ಮುದುಕಿಗೆ ಎಂಬತ್ತರ ಮೇಲೆ ವಯಸ್ಸು. ಎರಡು ಕೋಣೆಯ ಅಪಾರ್ಟ್‌ಮೆಂಟ್, ಕಿಟಕಿಯಲ್ಲಿ ಮೆಣಸಿನ ಗಿಡ. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವಳು. ಗಂಡ ಮೆಕ್ಸಿಕೋದಿಂದ ಬಂದ ಬಡಗಿ; ಅವನು ತೀರಿಹೋಗಿ ಬಹಳ ಕಾಲವಾಗಿತ್ತು. ಭಾವ ಚಿತ್ರದ ಫೋಟೋ ತೋರಿಸಿದ ಕೂಡಲೇ ಅವಳ ಮುಖ ಬಿಗಿಯಿತು.

“ಈ ದರಿದ್ರ ಇನ್ನೂ ಸುಟ್ಟುಹೋಗಿಲ್ಲವೇ?”

ಆಮೇಲೆ ಅವಳೇ ಹೇಳಿದಳು. ಚಿಕ್ಕಂದಿನಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅಪ್ಪ ಆ ಚಿತ್ರದ ಕೆಳಗೆ ನಿಲ್ಲಿಸಿ ಕ್ಷಮೆ ಕೇಳಿಸುತ್ತಿದ್ದನಂತೆ. ಹತ್ತೊಂಬತ್ತನೆಯ ವಯಸ್ಸಿಗೆ ಬಡಗಿಯನ್ನು ಮದುವೆಯಾಗುತ್ತೇನೆಂದಾಗ ಅದೇ ಚಿತ್ರದ ಮುಂದೆ ನಿಲ್ಲಿಸಿ, ಗವರ್ನರನ ರಕ್ತಕ್ಕೆ ಮಸಿ ಬಳಿದೆ ಎಂದು ಹೊರಗೆ ಹಾಕಿದ. ತಾಯಿ ಸತ್ತ ದಿನ ಅವಳು ಗಂಡನ ಜೊತೆ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದಳು. ಅಣ್ಣ ಬಾಗಿಲಿಗೆ ಬಂದು ನೋಡಿ, ಬಾಗಿಲು ಹಾಕಿಕೊಂಡ.

ಆಸ್ಟಿನ್‌ನಲ್ಲಿ ನಕ್ಕದ್ದು ನೆನಪಾಗಿ ನಾಚಿಕೆಯಾಯಿತು. ಆದರೂ ಮುಚ್ಚಿಡುವುದು ಇನ್ನೂ ಕೆಟ್ಟದ್ದೆನಿಸಿ, ಫೋನು ತೆಗೆದು ಎರಡೂ ಪತ್ರಗಳನ್ನು ನಿಧಾನವಾಗಿ ಓದಿದೆ. ಅವಳು ಕಿಟಕಿಯ ಕಡೆ ನೋಡುತ್ತ ಕೇಳಿದಳು.

“ಮೂಗಿನದು ಇನ್ನೊಮ್ಮೆ ಓದು.”

ಓದಿದೆ. ಅವಳು ತನ್ನ ಮೂಗನ್ನು ಎರಡು ಬೆರಳಿನಿಂದ ಮುಟ್ಟಿಕೊಂಡಳು. ಅದೇ ಮೂಗು, ನಡುವೆ ಉಬ್ಬಿದ್ದು. ನಗುತ್ತಾಳೆಂದುಕೊಂಡೆ, ನಗಲಿಲ್ಲ.

“ನನ್ನ ಅಪ್ಪನಿಗೆ ಇದು ಗೊತ್ತಿತ್ತೇ?” ಎಂದು ಕೇಳಿದಳು.

“ಗೊತ್ತಿಲ್ಲ. ಅವರ ಕಾಗದ ಯಾವುದೂ ಇರಲಿಲ್ಲ” ಎಂದೆ.

“ಗೊತ್ತಿದ್ದರೆ ನೀಚ. ಗೊತ್ತಿರದಿದ್ದರೆ ಮೂರ್ಖ” ಎಂದಳು. ಮೆಣಸಿನ ಗಿಡದ ಒಣಗಿದ ಎಲೆಯೊಂದನ್ನು ಕಿತ್ತು, “ನನ್ನ ಗಂಡನಿಗೆ ಇದನ್ನು ಹೇಳಬೇಕಿತ್ತು. ಅವನೂ ಹಲಗೆಯ ಕೆಲಸದವನೇ ಅಲ್ಲವೇ” ಎಂದು ಸೇರಿಸಿದಳು. ಅವಳ ಕಣ್ಣು ತುಂಬಿತ್ತು.

ಸರಿಯಾಗಿ ಆ ಹೊತ್ತಿಗೆ ಭಾವ ಬ್ಯಾಗಿನ ಜಿಪ್ ಎಳೆದು ಒಂದು ಹಾಳೆ ತೆಗೆದರು. ಮನೆಯಲ್ಲೇ ಟೈಪ್ ಮಾಡಿಕೊಂಡು ಬಂದಿದ್ದರು. ಗವರ್ನರನ ಈ ಚಿತ್ರವನ್ನು ಮನೆತನದವರು ಸಂತೋಷದಿಂದ ಇಂಥವರ ವಶಕ್ಕೆ ಒಪ್ಪಿಸಿದ್ದಾರೆ ಎಂದು ಅದರಲ್ಲಿತ್ತು. ಸಹಿಗೆ ಜಾಗ ಬಿಟ್ಟಿದ್ದರು. ಪೆನ್ನನ್ನೂ ಮುಂದೆ ಚಾಚಿದರು.

ಯಾರ ಮೇಲೂ ನನಗೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ಮುದುಕಿ ಹಾಳೆಯನ್ನು ಪೂರ್ತಿ ಓದಿದಳು. ನನ್ನ ಕಡೆ ತಿರುಗಿ, “ಇವನು ನಿನ್ನ ಗಂಡನೇ?” ಎಂದಳು.

“ಅಲ್ಲ, ನಮ್ಮಕ್ಕನ ಗಂಡ.”

“ಸದ್ಯ” ಎಂದು ಹಾಳೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ, ‘ಇವನು ನನ್ನ ಅಜ್ಜ. ಹಲಗೆ ಮಾರುತ್ತಿದ್ದ’ ಎಂದು ಬರೆದು ಸಹಿ ಹಾಕಿಕೊಟ್ಟಳು. ಭಾವ ಅದಕ್ಕೂ ಥ್ಯಾಂಕ್ಸ್ ಹೇಳಿ, ಮಡಚಿ ಜೇಬಿಗೆ ಹಾಕಿಕೊಂಡರು. ಬಾಗಿಲ ಬಳಿ ಅವಳು ನನ್ನ ಕೈ ಹಿಡಿದು ಪತ್ರದ ಪ್ರತಿ ಕಳಿಸಲು ಹೇಳಿದಳು.

ವಾಪಸ್ಸು ಬರುವಾಗ ಅರ್ಧ ದಾರಿ ಭಾವ ರೇಡಿಯೋದ ಚಾನೆಲ್ ಬದಲಿಸುತ್ತಲೇ ಇದ್ದರು. ಪೆಟ್ರೋಲ್ ಹಾಕಿಸಲು ನಿಂತಾಗ ಒಮ್ಮೆಲೇ ಹುರುಪು ಬಂತು.

“ಏನ್ ಬಿಡ್ರಿ ಮೇಡಮ್. ಆಕಿ ಸಿಟ್ಟಿನ್ಯಾಗ ಬರದಾಳ. ಸಹಿ ಅಂತೂ ಐತಲ್ಲ? ಸಹಿ ಒಂದ್ ತೋರಿಸಿದ್ರ ಆತು, ಆಕಿ ಬರದದ್ದು ಫ್ರೇಮ್‌ನಾಗ ಮುಚ್ಚಬಹುದು. ನಿಮ್ಮ ಅಕ್ಕಗ ಇದೆಲ್ಲ ಹೇಳಬ್ಯಾಡ್ರಿ.”

ಮರುದಿನ ಬೆಳಿಗ್ಗೆ ಅಕ್ಕ ತರಕಾರಿ ಹೆಚ್ಚುವಾಗ ಎಲ್ಲವನ್ನೂ ಹೇಳಿದೆ. ಅವಳು ಸೌತೆಕಾಯಿಯಿಂದ ಕಣ್ಣು ಎತ್ತಲಿಲ್ಲ. “ಹೇಳ್ಕೊಳ್ಲಿ ಬಿಡೇ. ಆಫೀಸಲ್ಲಿ ಅವರಿಗಿಂತ ಚಿಕ್ಕೋರು ಮೇಲೆ ಹೋಗ್ತಿದಾರೆ. ಮನೇಲಾದ್ರೂ ದೊಡ್ಡವರಾಗಿರ್ಲಿ. ನಿಂಗೇನ್ ಕಷ್ಟ ಅದ್ರಿಂದ?” ಎಂದಳು. ನನಗೆ ಅವಳ ಮೇಲೂ ಜಿಗುಪ್ಸೆಯಾಯಿತು. ಎಲ್ಲ ತಿಳಿದೂ ಅಷ್ಟು ನಿರಾಳವಾಗಿ ಇರುತ್ತಾಳಲ್ಲ ಎಂದು.

ಇಷ್ಟೆಲ್ಲ ಬರೆದ ಮೇಲೆ ನನ್ನ ಪಾಲಿನದ್ದನ್ನೂ ಬರೆಯಬೇಕು. ಯುಗಾದಿಯ ಮಧ್ಯಾಹ್ನ ಮನೆ ತುಂಬ ಜನ. ಹೋಳಿಗೆ ಬಡಿಸುತ್ತಿದ್ದೆ. ಡಾಕ್ಟರ್ ಅಂಕಲ್ ಮರೆತಿರಲಿಲ್ಲ. “ಏನಮ್ಮಾ, ರಿಸರ್ಚ್ ಮುಗೀತಾ? ಯಾರು ಇವನು, ನಿಜವಾಗ್ಲೂ ಗವರ್ನರಾ?” ಎಂದು ಎಲ್ಲರೆದುರು ಕೇಳಿದರು. ಭಾವ ಕೈಯಲ್ಲಿ ನೀರಿನ ಜಗ್ಗು ಹಿಡಿದು ನಿಂತುಬಿಟ್ಟರು. ಅವರ ಮುಖ ನೋಡಿದೆ. ಅಷ್ಟು ಹೆದರಿದ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ. ಪರೀಕ್ಷೆಗಳು ಮುಗಿಯಲು ಇನ್ನೂ ಆರು ವಾರವಿತ್ತು, ಮಹಡಿಯ ಕೋಣೆ ಬೇಕಿತ್ತು.

“ಹೌದು ಅಂಕಲ್” ಎಂದೆ. ವಸಾಹತಿನ ಹೆಸರನ್ನೂ ಗವರ್ನರನ ಹೆಸರನ್ನೂ ಹೇಳಿದೆ. ತಮ್ಮನ ಮಗನ ಕಡೆಯಿಂದ ವಂಶ ಬಂದದ್ದು ಎಂದೂ ಸೇರಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ. ಅಂಕಲ್ ಮೆಚ್ಚಿ ತಲೆಯಾಡಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ಕೈ ತೊಳೆಯುತ್ತಾ ನಿಂತೆ. ದುಡ್ಡು ತೆಗೆದುಕೊಂಡು ವಂಶ ಬರೆದುಕೊಟ್ಟವನಿಗೂ ನನಗೂ ಇದ್ದ ವ್ಯತ್ಯಾಸವೆಂದರೆ, ನಾನು ಊಟ ವಸತಿಗೆ ಬರೆದುಕೊಟ್ಟಿದ್ದೆ.

ಸೆಮಿಸ್ಟರ್ ಮುಗಿದ ಮರುವಾರ ಅಲೆನ್‌ನಲ್ಲಿ ಇಬ್ಬರು ವಿದ್ಯಾರ್ಥಿನಿಯರ ಜೊತೆ ಬಾಡಿಗೆಗೆ ಶಿಫ್ಟ್ ಆದೆ. ಭಾವ ರಜೆ ಹಾಕಿ, ವ್ಯಾನ್ ತಂದು, ನನ್ನ ಪುಸ್ತಕದ ಡಬ್ಬಗಳನ್ನೂ ಹಾಸಿಗೆಯನ್ನೂ ಮೂರನೆಯ ಮಹಡಿಗೆ ತಾವೇ ಹೊತ್ತರು. ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ಇಲ್ಲಿ ನನಗೆ ಬೇರೆ ಯಾರೂ ಅಷ್ಟು ಮಾಡುತ್ತಿರಲಿಲ್ಲ. ನೀರು ಕೊಟ್ಟೆ. ಕುಡಿದು, ಬಾಗಿಲ ತನಕ ಹೋಗಿ ತಿರುಗಿ ನಿಂತರು.

“ಮೇಡಮ್, ಆ ಪತ್ರದ ಕಾಪಿ ಯಾರಿಗರ ಕೊಟ್ಟೀರೇನು?”

“ಹ್ಯೂಸ್ಟನ್ ಅಜ್ಜಿಗೆ ಕಳಿಸಿದೀನಿ ಭಾವ.”

ಅವರು ಸ್ವಲ್ಪ ಲೆಕ್ಕ ಹಾಕಿದರು. ಮುಖ ಹಗುರಾಯಿತು.

“ಆಕಿಗೇನ್, ವಯಸ್ಸಾಗೇತಿ ಬಿಡ್ರಿ” ಎಂದು ಮೆಟ್ಟಿಲಿಳಿದು ಹೋದರು.