ಏಳು ಮಲ್ಲಿಗೆ ತೂಕದ ಕಥೆಗೆ ಹೆಸರು ಹಾಕಿಸಲು ಹೋಗಿ

ಕೋವಿಡ್ ಕಾಲದ ನಿರ್ಬಂಧಗಳೆಲ್ಲ ಮುಗಿದು ಎರಡು ವರ್ಷವಾಗಿತ್ತು. ನಾನು ಆಗ ಮೈಸೂರಿನ ವಿಜಯನಗರದಲ್ಲಿ, ಒಂದು ಮನೆಯ ಮಹಡಿಯಲ್ಲಿ ನಡೆಯುತ್ತಿದ್ದ ಸಣ್ಣ ಪ್ರಕಾಶನವೊಂದರಲ್ಲಿ ಸಹಾಯಕ ಸಂಪಾದಕಿ. ವಯಸ್ಸು ಇಪ್ಪತ್ತಾರು. ಕಾಲೇಜಿನ ಐದು ವರ್ಷಗಳನ್ನು ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು. ಎದುರಿನವರ ಮಾತಿನಲ್ಲಿ ಹೊಲಿಗೆ ಎಲ್ಲಿ ಸಡಿಲವಾಗಿದೆ ಎಂದು ಹುಡುಕುವುದೊಂದೇ ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ. ಸಂಪಾದಕಿಯಾಗಲು ಅಷ್ಟು ಸಾಕು ಎಂದು ನಾನು ನಂಬಿದ್ದೆ. ಕೆಲಸ ಕೊಟ್ಟ ಪ್ರಕಾಶಕರು, ಶ್ರೀಕಂಠ ಸರ್, ಅವರೂ ನಂಬಿದ್ದರು.

ಆ ವರ್ಷ ನಾವು ಹೊಸದೊಂದು ಮಾಲಿಕೆ ಶುರುಮಾಡಿದ್ದೆವು. ಅಜ್ಜಿಯರು ಹೇಳುವ ರಾಜಕುಮಾರಿ ಕಥೆಗಳನ್ನು ಹದಿಹರೆಯದವರಿಗಾಗಿ ಕಾದಂಬರಿಯಾಗಿ ಬರೆಸುವುದು. ಹದಿಮೂರರಿಂದ ಹದಿನೆಂಟರ ಓದುಗರಿಗೆ ಬರೆಯುವ ಇಂಥ ಪುಸ್ತಕಕ್ಕೆ ನಮ್ಮ ವ್ಯವಹಾರದಲ್ಲಿ ವೈ.ಎ., ಅಂದರೆ ಯಂಗ್ ಅಡಲ್ಟ್, ಎನ್ನುತ್ತಾರೆ. ಐದು ನಿಮಿಷದ ಕಥೆಯನ್ನು ಇನ್ನೂರು ಪುಟಕ್ಕೆ ಹಿಗ್ಗಿಸಬೇಕು, ಹಿಗ್ಗಿಸಿದ ಜಾಗ ಟೊಳ್ಳು ಎಂದು ಗೊತ್ತಾಗಬಾರದು. ಹಳೆಯ ಕಥೆ ಯಾರ ಸ್ವತ್ತೂ ಅಲ್ಲ, ಆದ್ದರಿಂದ ಹಕ್ಕುಸ್ವಾಮ್ಯದ ತಕರಾರಿಲ್ಲ ಎನ್ನುವುದು ಶ್ರೀಕಂಠ ಸರ್ ಧೈರ್ಯ. ಹಿಗ್ಗಿಸಿದ ಭಾಗ ಮಾತ್ರ ಲೇಖಕರದು. ಅದು ನಿಜವಾಗಿ ಅವರದೇ ಹೌದೋ ಅಲ್ಲವೋ ಎಂದು ನೋಡುವುದು ನನ್ನ ಪಾಲಿನ ಕೆಲಸ.

ಮಾಲಿಕೆಯ ಮೂರನೇ ಹಸ್ತಪ್ರತಿ ವಸುಧಾ ಮೇಡಂ ಅವರದು. ನಿವೃತ್ತಿಗೆ ಹತ್ತಿರವಿದ್ದ ಹೈಸ್ಕೂಲು ಕನ್ನಡ ಟೀಚರ್. ಅವರು ಆರಿಸಿಕೊಂಡದ್ದು ಏಳು ಮಲ್ಲಿಗೆ ತೂಕದ ರಾಜಕುಮಾರಿಯ ಕಥೆ. ತಕ್ಕಡಿಯಲ್ಲಿಟ್ಟರೆ ಏಳು ಹೂವಿಗೆ ಸಮ ತೂಗುವಷ್ಟು ಕೋಮಲೆ ಅವಳು. ಹಾಗಾದರೆ ಫ್ಯಾನು ಹಾಕಿದರೆ ಹಾರಿಹೋಗಲ್ವಾ ಎಂದು ಆರನೇ ವಯಸ್ಸಿನಲ್ಲೇ ಕೇಳಿ ಅಜ್ಜಿಯಿಂದ ಬೈಸಿಕೊಂಡವಳು ನಾನು. ಆದರೆ ಮೇಡಂ ಆ ಕಥೆಯನ್ನು ಹಿಡಿದಿದ್ದ ಬಗೆಯೇ ಬೇರೆ. ಹದಿಮೂರು ತುಂಬಿದ ಹುಡುಗಿಗೆ ಹಸಿವಾಗತೊಡಗುತ್ತದೆ. ದಿನವೂ ಬೆಳಿಗ್ಗೆ ಅವಳನ್ನು ದರ್ಬಾರಿನಲ್ಲಿ ತೂಗುತ್ತಾರೆ. ಹೂವಿಗಿಂತ ತೂಕ ಹೆಚ್ಚಿದ ದಿನ ಅವಳು ರಾಜಕುಮಾರಿಯೇ ಅಲ್ಲ. ತಿಂದರೆ ಅರಮನೆ ಹೋಯಿತು, ತಿನ್ನದಿದ್ದರೆ ಜೀವ ಹೋಯಿತು.

ಒಂಬತ್ತನೇ ಅಧ್ಯಾಯದಲ್ಲಿ ಅರಮನೆಗೆ ಹೂವು ತರುವ ಹೆಂಗಸು ಹುಡುಗಿಯ ಸಹಾಯಕ್ಕೆ ಬರುತ್ತಾಳೆ. ಏಳು ಮೊಗ್ಗುಗಳನ್ನು ನೀರಿನಲ್ಲಿ ನೆನೆಸುತ್ತಾಳೆ. ಹನಿ ಕಾಣದಂತೆ ಒಂದೇ ಒಂದು ಸಲ ಒದರುತ್ತಾಳೆ, ಎರಡನೇ ಸಲ ಒದರಿದರೆ ತೂಕ ಹೋಗುತ್ತದೆ. ನೆನೆದ ಹೂವಿನ ಎಸಳು ಗಾಜಿನಂತಾಗಿ ಮಧ್ಯಾಹ್ನಕ್ಕೆ ಕಂದುಬಣ್ಣಕ್ಕೆ ತಿರುಗುತ್ತದೆ, ಅಷ್ಟರೊಳಗೆ ದರ್ಬಾರು ಮುಗಿದಿರಬೇಕು. ತಕ್ಕಡಿ ಸಮ ನಿಲ್ಲುತ್ತದೆ. ಆ ದಿನ ರಾಜಕುಮಾರಿ ತಟ್ಟೆ ತುಂಬ ಅನ್ನ ಉಣ್ಣುತ್ತಾಳೆ.

ಓದಿ ಮುಗಿಸಿದಾಗ ನನಗೆ ಬಂದದ್ದು ಮೆಚ್ಚುಗೆಯಲ್ಲ, ಅನುಮಾನ. ಉಳಿದ ಹದಿನೇಳು ಅಧ್ಯಾಯಗಳಲ್ಲಿ ಮೇಡಂಗೆ ಹೂವೆಂದರೆ ಬರೀ 'ಪರಿಮಳ ಸೂಸುವ' ವಸ್ತು. ಇಲ್ಲಿ ಮಾತ್ರ ಕೈಯೊಳಗಿನ ಗುಟ್ಟು. ಫೋನು ಮಾಡಿ ಕೇಳಿದೆ.

"ಇದೆಲ್ಲ ನಿಮಗೆ ಹೇಗೆ ಗೊತ್ತು ಮೇಡಂ?"

"ಮೈಸೂರಲ್ಲಿ ಹುಟ್ಟಿದವರಿಗೆ ಮಲ್ಲಿಗೆ ಗೊತ್ತಿರಲ್ವೇ ಸ್ಫೂರ್ತಿ?"

ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಡುವವರು ಏನನ್ನೋ ಮುಚ್ಚಿಡುತ್ತಾರೆ. ಇದು ಚರ್ಚಾಪಟುಗಳ ಮೊದಲ ಪಾಠ. ಅವರು ಕಳಿಸಿದ್ದ ಹಳೆಯ ಕರಡು ಕಡತಗಳನ್ನು ತೆರೆದು ಕೂತೆ. ಎರಡನೇ ಕರಡಿನ ಅಂಚಿನಲ್ಲಿ, ಅಳಿಸಲು ಮರೆತಿದ್ದ ಒಂದು ಟಿಪ್ಪಣಿ ಸಿಕ್ಕಿತು: 'ಒದರುವುದು ಒಂದೇ ಸಲವೋ ಎರಡೋ? ಹೂವಿನವರನ್ನು ಮತ್ತೆ ಕೇಳಬೇಕು.'

ಸಿಕ್ಕಿಬಿದ್ದರು ಎಂದುಕೊಂಡೆ. ಕಥೆಯ ಜೀವ ಇನ್ನೊಬ್ಬರದು, ಪುಸ್ತಕದ ಮೇಲಿನ ಹೆಸರು ಇವರದು, ಕೃತಜ್ಞತೆಯ ಪುಟದಲ್ಲಿ ಮಗ, ಸೊಸೆ, ಕಣ್ಣಿನ ಡಾಕ್ಟರು.

ಹೂವಿನವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಮೇಡಂ ದಿನವೂ ಸಂಜೆ ಶಾಲೆಯಿಂದ ಬರುವಾಗ ಒಬ್ಬರ ಹತ್ತಿರವೇ ಹೂವು ಕೊಳ್ಳುತ್ತಿದ್ದರು. ಅವರನ್ನು ಇಲ್ಲಿ ಹೂವಮ್ಮ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಅವರು ಕೂರುವ ರಸ್ತೆಯನ್ನೂ ಬರೆಯುವುದಿಲ್ಲ. ಅರವತ್ತರ ಆಸುಪಾಸು, ಬಾಯಿ ಒಂದು ಕಡೆ, ಬೆರಳು ಒಂದು ಕಡೆ ಓಡುವ ಹೆಂಗಸು. ನಾನು ಪುಸ್ತಕದವಳು, ರಾಜಕುಮಾರಿ ಕಥೆ ಕೇಳಬೇಕು ಎಂದಾಗ ದಾರ ಹಲ್ಲಲ್ಲಿ ಕಚ್ಚಿಕೊಂಡು ನಕ್ಕರು.

"ನಿಂಗ್ಯಾಕವ್ವ ಆ ಕಥೆ? ನಿನ್ನ ನೋಡಿದ್ರೆ ನೀನೇ ಆರು ಮಲ್ಗೆ ತೂಕ ಇದ್ದೀಯ. ಊಟ ಮಾಡ್ತೀಯೋ ಇಲ್ವೋ?"

ಕಥೆ ಹೇಳಿದರು. ಅವರ ಅತ್ತೆ ಹೇಳುತ್ತಿದ್ದ ಕಥೆಯಂತೆ. ನೀರಿನ ಭಾಗ ಮಾತ್ರ ಸ್ವಂತದ್ದು. ಮೊಮ್ಮಗಳು ದಪ್ಪಗಾಗ್ತೀನಿ ಅಂತ ಊಟ ಬಿಟ್ಟಾಗ ಅವಳಿಗೆ ಉಣ್ಣಿಸಲು ಸೇರಿಸಿದ್ದು. ನಾನು ಧ್ವನಿ ಮುದ್ರಿಸಿಕೊಂಡೆ, ಕೇಳಿಯೇ. ಫೋಟೋ ತೆಗೆದೆ, ಕೇಳಿಯೇ. "ತಕ್ಕೋ ತಕ್ಕೋ, ಸೆರಗು ಸರಿ ಐತಾ?" ಎಂದರು. ಇದನ್ನು ಏನು ಮಾಡುತ್ತೇನೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಾರನೆಯ ದಿನ ಪ್ರಕಾಶನದ ಫೇಸ್‌ಬುಕ್ ಪುಟದಲ್ಲಿ ಆ ಫೋಟೋ ಹಾಕಿದೆ. 'ನಮ್ಮ ಮುಂದಿನ ಕಾದಂಬರಿಯ ನಿಜವಾದ ತಾಯಿ' ಎಂದು ಬರೆದು ಅವರ ಹೆಸರು ಹಾಕಿದೆ. ಕೆಳಗೆ ಅವರದೇ ಮಾತು: 'ನೆನೆಸಿ ಒಂದು ಸಲ ಒದರಿದ್ರೆ ಯಾವ ತಕ್ಕಡಿಗೂ ಗೊತ್ತಾಗಕ್ಕಿಲ್ಲ.' ವಸುಧಾ ಮೇಡಂಗೆ ನಾಚಿಕೆಯಾಗಲಿ ಎಂಬುದೂ ಅದರಲ್ಲಿ ಸೇರಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ಸಂಜೆಯೊಳಗೆ ಅದು ವಾಟ್ಸಾಪ್ ಗುಂಪುಗಳಿಗೆ ಹೋಯಿತು. ನನಗೆ ಹೆಮ್ಮೆ.

ನಾಲ್ಕನೆಯ ದಿನ ಮೇಡಂ ಆಫೀಸಿಗೆ ಬಂದರು. ಕೂರಲಿಲ್ಲ.

"ಹೆಸರು ಹಾಕಬೇಡಿ ಅಂತ ಅವರೇ ನನ್ನ ಹತ್ತಿರ ಮಾತು ತಗೊಂಡಿದ್ದರು. ಹೇಗೆ ಗೊತ್ತು ಅಂತ ಕೇಳಿದ ಹಾಗೇ, ಯಾಕೆ ಹೇಳ್ತಿಲ್ಲ ಅಂತಲೂ ಒಂದು ಮಾತು ಕೇಳಬಹುದಿತ್ತಲ್ಲ ಸ್ಫೂರ್ತಿ?"

ಎಷ್ಟು ಅನುಕೂಲದ ಮಾತು! ಸಿಕ್ಕಿಬಿದ್ದ ಮೇಲೆ ಯಾರು ಬೇಕಾದರೂ ಹೀಗೆ ಹೇಳಬಹುದು. ಅವರನ್ನು ನಂಬದೆ ನೇರವಾಗಿ ಹೂವಮ್ಮನ ಹತ್ತಿರವೇ ಹೋದೆ. ಅವರು ಈ ಸಲ ನಗಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಒಳ್ಳೆ ಕೆಲ್ಸ ಮಾಡ್ಬುಟ್ಟೆ ಕಣವ್ವ. ಬೀದೀಲಿ ಮೊಳದ ಲೆಕ್ಕದಲ್ಲಿ ಮಾರೋದು ನೋಡಿದ್ದೀಯ. ಛತ್ರಕ್ಕೆ ಬಿಡಿ ಹೂವು ಕೊಡೋದು ಕೆ.ಜಿ. ಲೆಕ್ಕ. ಹೂವು ಬಾಡದೆ ಇರ್ಲಿ ಅಂತ ನೀರು ಚಿಮುಕಿಸೋದು ಬೇರೆ, ತೂಗ್ಲಿ ಅಂತ ನೆನೆಸೋದು ಬೇರೆ. ಇಪ್ಪತ್ತು ವರ್ಷದಿಂದ ಯಾರೂ ನನ್ನ ಬುಟ್ಟಿ ಒದರಿ ನೋಡಿರ್ನಿಲ್ಲ. ನಿನ್ನೆ ನೋಡಿದ್ರು."

ಅವರಿಂದ ಹೂವು ಕೊಳ್ಳುತ್ತಿದ್ದವರು ಎರಡು ಕಲ್ಯಾಣ ಮಂಟಪಗಳ ಹೂವಿನ ಅಲಂಕಾರ ನೋಡುವ ಒಬ್ಬ ಗುತ್ತಿಗೆದಾರರು. ಫೋಟೋ ಅವರ ಫೋನಿಗೂ ಬಂದಿತ್ತು. ಹಿಂದಿನ ದಿನ ಹೂವಮ್ಮನ ಮಲ್ಲಿಗೆಯನ್ನೆಲ್ಲ ಹತ್ತು ಜನರ ಎದುರು ಬಟ್ಟೆಯ ಮೇಲೆ ಸುರಿದು, ಒರೆಸಿ, ಮತ್ತೆ ತೂಗಿದ್ದರು. ಎಷ್ಟೇ ಒಳ್ಳೆಯ ಹೂವಾದರೂ ಒರೆಸಿದ ಮೇಲೆ ತೂಕ ಸ್ವಲ್ಪ ಇಳಿಯುತ್ತದೆ. ಇಳಿಯಿತು. ನಾಳೆಯಿಂದ ಬೇಡ ಎಂದುಬಿಟ್ಟಿದ್ದರು. ಮದುವೆಯ ಕಾಲ, ಹೂವಮ್ಮನ ಮನೆ ವರ್ಷವೆಲ್ಲ ನಡೆಯುವುದೇ ಆ ಮೂರು ತಿಂಗಳ ಛತ್ರದ ಹೂವಿನಿಂದ.

ಪೋಸ್ಟ್ ಅಳಿಸಿದೆ. ಹಂಚಿಹೋದದ್ದನ್ನು ಅಳಿಸಲು ಬರುವುದಿಲ್ಲ. ಆಮೇಲೆ ನನಗೆ ಗೊತ್ತಿದ್ದ ಏಕೈಕ ಕೆಲಸ ಮಾಡಿದೆ, ಗುತ್ತಿಗೆದಾರರ ಹತ್ತಿರ ವಾದ ಮಾಡಲು ಹೋದೆ. ಮಂಟಪದ ಬಾಗಿಲಲ್ಲಿ ಬಾಳೆಕಂಬ ಕಟ್ಟಿಸುತ್ತಿದ್ದರು.

"ಅದು ಬರೀ ಕಥೆ ಕಣ್ರೀ!" ಎಂದೆ.

"ಕಥೆ ಅಂತ ನಂಗೂ ಗೊತ್ತು ಮೇಡಂ. ಆದ್ರೆ ಒಂದೇ ಸಲ ಒದರ್ಬೇಕು ಅನ್ನೋದು ಮಾಡ್ದೋರಿಗೆ ಬಿಟ್ರೆ ಬೇರೆಯವ್ರಿಗೆ ಎಂಗ್ ಗೊತ್ತಾಯ್ತದೆ? ನೀವೇ ಯೋಳಿ, ಓದ್ದೋರು."

ವಸುಧಾ ಮೇಡಂ ಮೇಲೆ ನಾನು ಹೂಡಿದ ವಾದವೂ ಇದೇ: ಗೊತ್ತಿಲ್ಲದ್ದನ್ನು ಇಷ್ಟು ಖಚಿತವಾಗಿ ಹೇಳಲು ಸಾಧ್ಯವಿಲ್ಲ. ನನ್ನ ಕೈಯಲ್ಲಿದ್ದಾಗ ಅದು ತರ್ಕವಾಗಿತ್ತು. ಅವರ ಕೈಗೆ ಹೋದಾಗ ಒಬ್ಬ ಹೆಂಗಸಿನ ಅನ್ನ ಕಿತ್ತುಕೊಂಡಿತು. ಇನ್ನೊಬ್ಬರು ನೆನೆಸುವುದನ್ನು ಹೂವಮ್ಮ ನೋಡಿರಬಹುದು, ಕೇಳಿರಬಹುದು ಎಂದೆಲ್ಲ ತೊದಲಿದೆ. ಅವರು ಬಾಳೆಕಂಬದ ಹಗ್ಗ ಬಿಗಿಯಲು ತಿರುಗಿಕೊಂಡರು.

ಅಂದೇ ಶ್ರೀಕಂಠ ಸರ್ ಮುಂದೆ ನಿಂತು ಒಂಬತ್ತನೇ ಅಧ್ಯಾಯ ತೆಗೆಯಬೇಕು ಎಂದೆ. ಈಗ ಅದು ಅಚ್ಚಾಗಿ ಬಂದರೆ ಫೋಟೋ ನೋಡಿದವರೆಲ್ಲ ಹೌದು ಹೌದು ಎನ್ನುತ್ತಾರೆ. ಹೂವಮ್ಮನಿಗೆ ಹೋದ ವ್ಯಾಪಾರ ಮರಳುವುದೇ ಇಲ್ಲ.

"ಪುಟ ಜೋಡಣೆ ಮುಗಿದಿದೆಯಲ್ಲಮ್ಮ. ಇಡೀ ಪುಸ್ತಕದಲ್ಲಿ ಗಟ್ಟಿ ಇರೋದೇ ಅದೊಂದು ಅಂತ ಬರೆದುಕೊಟ್ಟೋಳು ನೀನು!"

"ಬರೆದುಕೊಟ್ಟಿದ್ದೆ ಸರ್. ಈಗಲೂ ಅದೇ ಹೇಳ್ತೀನಿ. ಆದರೂ ತೆಗೀಬೇಕು."

ಚರ್ಚೆಯಲ್ಲಿ ಎರಡೂ ಪಕ್ಷದ ಪರವಾಗಿ ಮಾತಾಡುವವರಿಗೆ ಅಂಕ ಕೊಡುವುದಿಲ್ಲ. ಸರ್ ಒಂದು ವಾರ ಕೊಟ್ಟರು.

ಮೇಡಂ ಮತ್ತು ನಾನು ಒಟ್ಟಿಗೇ ಹೂವಮ್ಮನ ಹತ್ತಿರ ಹೋದೆವು. ದಾರಿಯಲ್ಲಿ ನಾನು ಕ್ಷಮೆ ಕೇಳಿದೆ. "ಮೊದಲು ಅಲ್ಲಿ ಕೇಳಿ" ಎಂದರು. ಅಲ್ಲಿ ಕೇಳಿದೆ. ಹೂವಮ್ಮ ನನ್ನ ಕೈಗೆ ಒಂದು ಪೊಟ್ಟಣ ಕನಕಾಂಬರ ಕೊಟ್ಟು, "ಸುಮ್ನೆ ನಿಂತ್ಕೊಂಡು ಅಳೋ ಬದ್ಲು ಜೋಡ್ಸಿಕೊಡು" ಎಂದರು. ನಾನು ಅಳುತ್ತಿರಲಿಲ್ಲ ಎಂದು ವಾದಿಸಬೇಕೆನ್ನಿಸಿತು. ಸುಮ್ಮನೆ ಜೋಡಿಸಿದೆ.

"ನೀರು ತೆಗೆದಾಕಿ" ಎಂದರು ಮೇಡಂ ಕಡೆ ನೋಡಿ. "ಹೂವಿನೋಳು ಮೋಸ ಮಾಡೋದು ಬ್ಯಾಡ."

"ಹಾಗಾದ್ರೆ ಹುಡುಗಿ ಉಳಿಯೋದು ಹೇಗೆ?" ಎಂದರು ಮೇಡಂ.

ಹೂವಮ್ಮ ನಾಲ್ಕಾರು ಗಂಟು ಹಾಕಿದರು. ಆಮೇಲೆ ಹೇಳಿದರು: "ಹೂವಿನೋಳು ದರ್ಬಾರಿಗೆ ಎರಡು ತರ ಏಳೇಳು ಮಲ್ಗೆ ತತ್ತಾಳೆ. ಒಂದು ಏಳು ಸಂಜೆ ಕಿತ್ತ ಮೊಗ್ಗು, ಇನ್ನೊಂದು ಏಳು ಬೆಳಿಗ್ಗೆ ಅರಳಿದ್ದು. ಆ ಕಡೆ ಒಂದು, ಈ ಕಡೆ ಒಂದು ತಟ್ಟೆಗೆ ಹಾಕಿ, ತೂಗಿ ಬುದ್ಧಿ ಅಂತಾಳೆ. ಸಮ ಬರಕ್ಕಿಲ್ಲ. ಇದ್ರಲ್ಲಿ ನಿಮ್ಮ ಮಗಳ ತೂಕ ಯಾವುದು ಬುದ್ಧಿ, ಅಂತ ಕೇಳ್ತಾಳೆ. ರಾಜ ಏನಂದಾನು?"

ಮೇಡಂ ರಸ್ತೆಯಲ್ಲಿ ನಿಂತೇ ಬರೆದುಕೊಂಡರು. ಕೃತಜ್ಞತೆಯಲ್ಲಾದರೂ ಹೆಸರು ಹಾಕೋಣ ಎಂದು ನಾನು ಮತ್ತೆ ಬಾಯಿ ತೆರೆದೆ.

"ಬುಡು ಬುಡು. ಹೆಸರು ಬಂದ್ರೆ ಹಳೇ ಮಾತು ಮತ್ತೆ ಏಳ್ತದೆ. ಕಥೆ ಓದಿ ಯಾವ್ದಾದ್ರೂ ಮಗ ಒಂದು ತುತ್ತು ಜಾಸ್ತಿ ಉಂಡ್ರೆ ಸಾಕು."

ಆ ಹೊತ್ತಿನಲ್ಲಿ ನನ್ನ ನಾಲಿಗೆಯ ತುದಿಯಲ್ಲಿ ಒಂದು ಪ್ರಶ್ನೆ ಇತ್ತು. ನೀವು ಎಂದಾದರೂ ನೆನೆಸಿದ್ದಿರಾ? ಗುತ್ತಿಗೆದಾರರ ಮಾತು ನನ್ನೊಳಗೂ ಕೊರೆಯುತ್ತಿತ್ತು, ಸುಳ್ಳೇಕೆ. ಉತ್ತರ ತಿಳಿದು ನಾನು ಮಾಡಬೇಕಾದದ್ದೇನೂ ಇರಲಿಲ್ಲ. ಕೇಳಲಿಲ್ಲ. ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಹೊಸ ಅಧ್ಯಾಯ ಆರು ದಿನದಲ್ಲಿ ಬಂತು. ಎಲ್ಲರಿಗೂ ಇಷ್ಟವಾಯಿತು. ನನ್ನನ್ನು ಕೇಳಿದರೆ ಹಳೆಯದರಲ್ಲಿದ್ದ ಎದೆಬಡಿತ ಇದರಲ್ಲಿಲ್ಲ. ಇದರಲ್ಲಿರುವುದು ವಾದ, ಅದು ನನಗೆ ಹಿಡಿಸಬೇಕಿತ್ತು. ಹಿಡಿಸಿದೆ, ಆದರೆ ಹಳೆಯದರಷ್ಟಲ್ಲ. ಹಾಗೆಂದು ಒಬ್ಬರ ಅನ್ನಕ್ಕಿಂತ ದೊಡ್ಡದಲ್ಲ ಯಾವ ಅಧ್ಯಾಯವೂ. ಎರಡು ಮಂಟಪಗಳಲ್ಲಿ ಒಂದಕ್ಕೆ ಹೂವಮ್ಮನ ಮಲ್ಲಿಗೆ ಮತ್ತೆ ಹೋಗತೊಡಗಿದ್ದು ಆ ಮದುವೆಯ ಕಾಲ ಮುಗಿದ ಮೇಲೆ. ಇನ್ನೊಂದಕ್ಕೆ ಇವತ್ತಿಗೂ ಹೋಗುವುದಿಲ್ಲ. ಈ ಬರಹವನ್ನು ಅವರಿಗೆ ಮೊದಲು ಓದಿ ಹೇಳಿದ್ದೇನೆ. ಜಾಗ, ಹೆಸರು ಬಿಟ್ಟು ಏನಾದರೂ ಬರಕೋ ಎಂದಿದ್ದಾರೆ.

ಪುಸ್ತಕ ಬಿಡುಗಡೆ ಒಂದು ಕಾಲೇಜಿನ ಸಭಾಂಗಣದಲ್ಲಿ ನಡೆಯಿತು. ಕೊನೆಗೆ ಪ್ರಶ್ನೋತ್ತರ. ಎರಡನೇ ಪಿಯುಸಿಯ ಹುಡುಗಿಯೊಬ್ಬಳು ಮೈಕು ಕೈಗೆ ಬರುವ ಮೊದಲೇ ಎದ್ದು ನಿಂತಳು.

"ಒಂಬತ್ತನೇ ಅಧ್ಯಾಯ ಲೇಖಕರದಲ್ಲ ಅನ್ಸುತ್ತೆ. ಹೂವಿನ ಕೆಲಸ ಗೊತ್ತಿರೋ ಯಾರನ್ನೋ ಕೇಳಿ ಬರ್ದಿದ್ದಾರೆ. ಅವರ ಹೆಸರು ಎಲ್ಲೂ ಇಲ್ವಲ್ಲ?"

ವಸುಧಾ ಮೇಡಂ ಮೇಜು ನೋಡುತ್ತ ಕೂತರು. ಮೈಕು ನಾನು ತೆಗೆದುಕೊಂಡೆ.

"ಕೇಳಿ ಬರೆದದ್ದು ನಿಜ. ಹೆಸರು ನಮಗೆ ಗೊತ್ತಿದೆ. ಹೇಳುವುದಿಲ್ಲ."

"ಯಾಕೆ ಹೇಳಲ್ಲ?"

"ಅದನ್ನೂ ಹೇಳುವುದಿಲ್ಲ."

"ಕದ್ದೋರೆಲ್ಲ ಹೀಗೇ ಹೇಳ್ತಾರೆ ಮೇಡಂ" ಎಂದಳು. ಸಭೆ ಗೊಳ್ಳೆಂದು ನಕ್ಕಿತು, ಚಪ್ಪಾಳೆಯೂ ಬಿತ್ತು. ಅವಳ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಇನ್ನೂ ಖಾರವಾಗಿ.

ಮುಚ್ಚಿಟ್ಟರೆ ಲಾಭ ಯಾರಿಗೆ ಎಂದು ಕೇಳುವುದನ್ನು ನನಗೆ ಚರ್ಚೆ ಕಲಿಸಿತ್ತು. ಬಿಚ್ಚಿಟ್ಟರೆ ನಷ್ಟ ಯಾರಿಗೆ ಎಂದು ಕೇಳುವುದನ್ನು ಈ ಕೆಲಸ ಕಲಿಸಿತು. ಕಲಿತದ್ದರ ಬೆಲೆಯನ್ನು ಕೊಟ್ಟವರು ಮಾತ್ರ ಬೇರೆಯವರು. ಅನುಮಾನ ಪಡುವುದನ್ನು ನಾನು ಬಿಟ್ಟಿಲ್ಲ. ಈಗಲೂ ಅಂಚಿನ ಟಿಪ್ಪಣಿಗಳನ್ನೇ ಮೊದಲು ಓದುತ್ತೇನೆ. ಸಿಕ್ಕಿದ್ದನ್ನು ಎಲ್ಲರ ಮುಂದೆ ಎತ್ತಿ ಹಿಡಿಯುವ ಮೊದಲು, ಅದು ಯಾರ ಮೈಮೇಲೆ ಬೀಳುತ್ತದೋ ಅವರನ್ನು ಹೋಗಿ ಕೇಳುತ್ತೇನೆ, ಅಷ್ಟೆ.

ಆ ಹುಡುಗಿ ಹೋಗುವಾಗ, ನಾನು ಕೂತಿದ್ದ ಮಾರಾಟದ ಮೇಜಿಗೆ ಬಂದು ಒಂದು ಪ್ರತಿ ಕೊಂಡಳು. ಕೃತಜ್ಞತೆಯ ಪುಟವನ್ನು ಅಲ್ಲೇ ನಿಂತು ತೆರೆದು, ಮಗ, ಸೊಸೆ, ಕಣ್ಣಿನ ಡಾಕ್ಟರು ಎಲ್ಲವನ್ನೂ ಓದಿ, ನನ್ನನ್ನೊಮ್ಮೆ ಕಳ್ಳಿಯನ್ನು ನೋಡುವ ಹಾಗೆ ನೋಡಿದಳು. ಕರೆದು ಎಲ್ಲವನ್ನೂ ಹೇಳಿಬಿಡಬಹುದಿತ್ತು. ಎರಡೇ ನಿಮಿಷದ ಮಾತು. ನಾನು ಬಿಲ್ಲು ಬರೆದು ಅವಳ ಕೈಗಿಟ್ಟೆ.